ದ್ವೀಪದಲ್ಲಿ ವಿಧೇಯರು, ಗಿರಿಯಲ್ಲಿ ದೊರೆಗಳು

ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರು ಕುಟುಂಬಸಮೇತರಾಗಿ ಟಾಸ್ಮೇನಿಯಾಕ್ಕೆ ರಜೆಯ ಪ್ರವಾಸ ಹೊರಡುವ ಸಿದ್ಧತೆಯಲ್ಲಿದ್ದಾಗ ಅವರ ಮನೆಯಲ್ಲಿ ಎರಡು ದಿನ ತಂಗುವ ಪ್ರಸಂಗ ಒದಗಿತು. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಆ ದ್ವೀಪ ಕಾಡಿಗೆ, ಊಟಕ್ಕೆ ಮತ್ತು ವೈನಿಗೆ ಹೆಸರಾದದ್ದು. ಬಂಧುಗಳ ಊಟದ ಮೇಜಿನ ತುಂಬ ನಕ್ಷೆಗಳು ಹರಡಿದ್ದವು. ಚಾರಣಕ್ಕೆ ತಿಂಗಳುಗಳ ಮೊದಲೇ ಹೆಸರು ನೋಂದಾಯಿಸಿ ಶುಲ್ಕ ಕಟ್ಟಿಯಾಗಿತ್ತು. ಮನೆಯೊಡೆಯರು ಸ್ವತಃ ಕುಳಿತು ಹಳೆಯ ಬ್ರಷ್ಷಿನಿಂದ ಬೂಟುಗಳ ಅಡಿಯ ಮಣ್ಣನ್ನು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದರು. ಏಕೆಂದು ಕೇಳಿದೆ. ಗಿಡಗಳ ಬೇರು ಕೊಳೆಸುವ ರೋಗಾಣು ಬೂಟಿನ ಮಣ್ಣಿನೊಂದಿಗೆ ಕಾಡನ್ನು ಹೊಕ್ಕೀತೆಂದು ಅಲ್ಲಿ ಕಟ್ಟುನಿಟ್ಟಾದ ಎಚ್ಚರಿಕೆಯಿದೆಯಂತೆ. ಕೈಚೀಲದಲ್ಲಿ ಒಂದು ಸೇಬು ಉಳಿದಿದ್ದರೂ ವಿಮಾನ ನಿಲ್ದಾಣದಲ್ಲಿ ನಾಯಿ ಮೂಸಿ ಹಿಡಿಯುತ್ತದಂತೆ. ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲ, ತಂದ ಕಸವನ್ನು ಬಿಟ್ಟು ಬರುವಂತಿಲ್ಲ. ಇವನ್ನೆಲ್ಲ ಅವರು ಬೇಸರದಿಂದಲ್ಲ, ಒಂದು ಬಗೆಯ ಅಭಿಮಾನದಿಂದಲೇ ಹೇಳಿದರು.

ಇದೇ ಬಂಧುಗಳು ಅದಕ್ಕೆ ಹಿಂದಿನ ವರ್ಷ ನಮ್ಮ ಗಿರಿಗೆ ಬಂದಿದ್ದರು. ಶುಕ್ರವಾರ ರಾತ್ರಿ ಮನಸ್ಸಾಯಿತು, ಶನಿವಾರ ಬೆಳಗಿನ ಜಾವಕ್ಕೆ ಎರಡು ಕಾರು ಹೊರಟವು. ಮುಳ್ಳಯ್ಯನಗಿರಿಯ ತಿರುವಿನಲ್ಲಿ ಮೂರು ಗಂಟೆ ವಾಹನಗಳ ಸಾಲಿನಲ್ಲಿ ನಿಂತರು. ಸಂಜೆ ತೋಟದ ನಡುವಿನ ವಸತಿಯಲ್ಲಿ ಬೆಂಕಿ ಹಾಕಿಸಿಕೊಂಡು ಹಾಡು ಹಾಕಿಸಿದರು. ಭಾನುವಾರ ಮಧ್ಯಾಹ್ನ ಹೊರಡುವಾಗ, ಕಾರಿನಲ್ಲಿದ್ದ ಖಾಲಿ ಬಾಟಲಿಗಳ ಚೀಲವನ್ನು ದಾರಿಬದಿಯ ಹಳ್ಳದ ಪಕ್ಕ ಇಟ್ಟು ಹೋದರು. ಅವರು ದುಷ್ಟರಲ್ಲ. ಓದಿದವರು, ಮಕ್ಕಳಿಗೆ ಪರಿಸರದ ಪಾಠ ಹೇಳಿಕೊಡುವವರು. ದ್ವೀಪದಲ್ಲಿ ಇಷ್ಟೊಂದು ವಿಧೇಯರಾಗುವ ಮನುಷ್ಯರು ಗಿರಿಯಲ್ಲಿ ದೊರೆಗಳಾಗಿಬಿಡುವುದು ಹೇಗೆ? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ನನ್ನ ಉತ್ತರ ಸರಳವಾದುದು. ಅಲ್ಲಿ ರಜೆಯ ಯೋಜನೆಯನ್ನು ಹಾಕುವುದು ದ್ವೀಪ. ಅತಿಥಿ ಅದಕ್ಕೆ ಹೊಂದಿಕೊಳ್ಳುತ್ತಾನೆ. ಇಲ್ಲಿ ಯೋಜನೆಯನ್ನು ಹಾಕುವವನು ಅತಿಥಿ. ಬೆಟ್ಟ, ಹಳ್ಳ, ಆನೆ, ಕೂಲಿಯಾಳು, ಕಡೆಗೆ ಮಳೆಗಾಲವೂ ಅವನಿಗೆ ಹೊಂದಿಕೊಳ್ಳಬೇಕು. ಪ್ರವಾಸಿಯ ನಡತೆಯನ್ನು ಬೈಯುತ್ತ ಕೂತರೆ ನಮ್ಮ ಮನಸ್ಸಿಗೆ ಸಮಾಧಾನವಾದೀತು, ಬೆಟ್ಟಕ್ಕೆ ಪ್ರಯೋಜನವಾಗದು. ನಿಯಮವಿಲ್ಲದ ಊರಿನಲ್ಲಿ ಅತಿಥಿಯೇ ಅರಸ. ಆ ಅರಸೊತ್ತಿಗೆಯನ್ನು ಅವನಿಗೆ ಒಪ್ಪಿಸಿದವರು ನಾವು.

ಹೋರಾಟ ಮೊದಲು, ಪ್ರವಾಸ ಆಮೇಲೆ

ಟಾಸ್ಮೇನಿಯಾದ ಶಿಸ್ತು ಆಕಾಶದಿಂದ ಬಿದ್ದದ್ದಲ್ಲ. 1972ರಲ್ಲಿ ಅಲ್ಲಿನ ಪೆಡರ್ ಎಂಬ ಸರೋವರವನ್ನು ಜಲವಿದ್ಯುತ್ತಿಗಾಗಿ ಮುಳುಗಿಸಲಾಯಿತು. ಅದನ್ನು ಉಳಿಸಲಾಗದ ನೋವಿನಿಂದಲೇ ಅಲ್ಲಿನ ಪರಿಸರ ಚಳವಳಿ ಬಲಿಯಿತು. ಜಗತ್ತಿನ ಮೊದಲ ಹಸಿರು ರಾಜಕೀಯ ಪಕ್ಷಗಳಲ್ಲೊಂದು ಅದೇ ವರ್ಷ ಅಲ್ಲಿ ಹುಟ್ಟಿತು. ಹತ್ತು ವರ್ಷಗಳ ಮೇಲೆ ಫ್ರಾಂಕ್ಲಿನ್ ನದಿಗೆ ಅಣೆಕಟ್ಟು ಕಟ್ಟಹೊರಟಾಗ ಸಾವಿರಕ್ಕೂ ಮಿಕ್ಕಿ ಜನ ದೋಣಿಗಳಲ್ಲಿ ಹೋಗಿ ಅಡ್ಡ ನಿಂತು ಬಂಧನಕ್ಕೊಳಗಾದರು. 1983ರ ಜುಲೈ 1ರಂದು ಆ ದೇಶದ ಅತ್ಯುಚ್ಚ ನ್ಯಾಯಾಲಯದ ತೀರ್ಪು, ಒಂದೇ ಒಂದು ಮತದ ಅಂತರದಲ್ಲಿ, ನದಿಯ ಪರವಾಗಿ ಬಂತು. ಇಂದು ಪ್ರವಾಸಿ ಪುಸ್ತಿಕೆಗಳು ಮಾರುತ್ತಿರುವ ಕಾಡು ಆ ಜೈಲುವಾಸದಿಂದ ಉಳಿದ ಕಾಡು.

ಇದನ್ನು ಓದುತ್ತಿರುವ ಕಳಸ, ಸಂಸೆ, ಕುದುರೆಮುಖದ ಸೀಮೆಯ ಬಂಧುಗಳಿಗೆ ಈ ಕಥೆ ಅಪರಿಚಿತವೆನಿಸಲಾರದು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಮಗ್ಗುಲಲ್ಲೇ ದಶಕಗಳ ಕಾಲ ಕಬ್ಬಿಣದ ಅದಿರನ್ನು ಬಗೆಯಲಾಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದುದನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಹಳ್ಳಿಯಿಂದ ದೆಹಲಿಯವರೆಗೆ ನಡೆದ ಹೋರಾಟದ ಫಲವಾಗಿ 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಗೆ ಕೊನೆ ಹಾಡಿತು. 2005ರ ಡಿಸೆಂಬರ್ ಅಂತ್ಯಕ್ಕೆ ಯಂತ್ರಗಳು ನಿಂತವು. 2012ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವು ಪಶ್ಚಿಮಘಟ್ಟದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಫ್ರಾಂಕ್ಲಿನ್ನಿಗೂ ಭದ್ರೆಗೂ ಇಲ್ಲಿಯವರೆಗಿನ ದಾರಿ ಒಂದೇ. ಕವಲು ಬರುವುದು ಇದರ ನಂತರ. ದ್ವೀಪದವರು ಗೆದ್ದ ಕಾಡಿಗೆ ಎಷ್ಟು ಜನ ಬರಬಹುದೆಂದು ಲೆಕ್ಕ ಹಾಕಿದರು. ಅಲ್ಲಿನ ಪ್ರಖ್ಯಾತ ಚಾರಣ ಪಥ ಸುಮಾರು 65 ಕಿಲೋಮೀಟರ್ ಉದ್ದದ್ದು. ಆರು ದಿನಗಳ ನಡಿಗೆ. ಋತುವಿನ ತಿಂಗಳುಗಳಲ್ಲಿ ಉತ್ತರದಿಂದ ದಕ್ಷಿಣಕ್ಕೆ ಮಾತ್ರ ನಡೆಯಬೇಕು. ಸ್ವತಂತ್ರವಾಗಿ ಹೊರಡುವ ಚಾರಣಿಗರ ಸಂಖ್ಯೆ ದಿನಕ್ಕೆ ನಲವತ್ತನ್ನೂ ಮುಟ್ಟದಂತೆ 2005ರಿಂದ ಮುಂಗಡ ನೋಂದಣಿಯ ಪದ್ಧತಿಯಿದೆ. ದಾರಿಯ ಶೌಚಾಲಯಗಳ ಹೊಲಸನ್ನು ಕೂಡ ಅಲ್ಲಿ ಹೂಳದೆ ಹೆಲಿಕಾಪ್ಟರಿನಲ್ಲಿ ಎತ್ತಿ ಹೊರಗೆ ಸಾಗಿಸುತ್ತಾರೆ. ನಾವು ಮಾಡಿದ್ದೇನು? ಗಣಿಯನ್ನು ಓಡಿಸಿ, ವಿಜಯೋತ್ಸವ ಆಚರಿಸಿ, ಬಾಗಿಲನ್ನು ತೆರೆದಿಟ್ಟು ಮಲಗಿದೆವು. ಲಾರಿ ಹೋದ ದಾರಿಯಲ್ಲಿ ಜೀಪು ಬಂತು.

ಸ್ಪಂಜಿನ ಮೇಲೆ ಚಕ್ರ

ಗಿರಿಯ ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿದವರು ಅಧಿಕಾರಿಗಳಲ್ಲೂ ಇದ್ದಾರೆ, ಪ್ರವಾಸಿಗರಲ್ಲೂ ಇದ್ದಾರೆ. ಅದು ಖಾಲಿಯಲ್ಲ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಅದರ ಮೇಲೆ ಹುಲ್ಲಿನ ಹಾಸು. ಇವೆರಡೂ ಕೂಡಿ ಮುಂಗಾರಿನ ನೀರನ್ನು ಸ್ಪಂಜಿನಂತೆ ಹೀರಿ ಬೇಸಿಗೆಯವರೆಗೂ ಒರತೆಗಳಲ್ಲಿ ತೊಟ್ಟಿಕ್ಕಿಸುತ್ತವೆ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಬಾಬಾಬುಡನ್ ಶ್ರೇಣಿಯಲ್ಲಿ ಹುಟ್ಟಿ ಬಯಲುಸೀಮೆಗೆ ಹರಿಯುವ ಯಗಚಿ ಮತ್ತು ವೇದಾವತಿ, ಇವೆಲ್ಲ ಈ ಹುಲ್ಲಿನ ಮಕ್ಕಳು. ಈ ಸ್ಪಂಜಿನ ಮೇಲೆ ನಾಲ್ಕು ಚಕ್ರಗಳ ಸಾಹಸ ನಡೆದಾಗ ಒಂದು ಗಾಲಿಯ ಗುರುತು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಅದರ ಮುಂದಿನ ಮಳೆಗೆ ಕೊರಕಲಾಗುತ್ತದೆ. ಕಳಸದ ಕ್ಯಾತನಮಕ್ಕಿಯ ದಾರಿ, ಬಲ್ಲಾಳರಾಯನದುರ್ಗದ ಏರು, ಎತ್ತಿನಭುಜದ ಬುಡ, ಎಲ್ಲಿ ಬೇಕಾದರೂ ಹೋಗಿ ನೋಡಿ. ಹುಲ್ಲಿನ ಚರ್ಮ ಸುಲಿದ ಜಾಗದಲ್ಲಿ ಕೆಂಪು ಮಣ್ಣಿನ ಗಾಯ ಕಾಣುತ್ತದೆ.

2022ರಲ್ಲಿ ಚಂದ್ರದ್ರೋಣ ಶ್ರೇಣಿಯಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಗಳಿಗೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಸಾಯುವ ಗಿಡ ಅದು. ಆ ಬೀಜ ನೆಲಕ್ಕೆ ಬೀಳುವ ಮೊದಲೇ ಹೂವನ್ನು ಕಿತ್ತು ಕಾರಿನ ಮುಂಗನ್ನಡಿಗೆ ಸಿಕ್ಕಿಸಿಕೊಂಡು ಹೋದವರಿದ್ದರು. ಹನ್ನೆರಡು ವರ್ಷದ ತಪಸ್ಸಿಗೆ ಹನ್ನೆರಡು ನಿಮಿಷದ ಭಾವಚಿತ್ರದ ಬೆಲೆ.

ಆಡಳಿತ ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. ಅರಣ್ಯ ಇಲಾಖೆ 2024ರ ಅಕ್ಟೋಬರಿನಲ್ಲಿ ಚಾರಣ ಪಥಗಳಿಗೆ ಆನ್‌ಲೈನ್ ನೋಂದಣಿ ತಂದು, ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಜಿಲ್ಲಾಡಳಿತ 2025ರ ಸೆಪ್ಟೆಂಬರಿನಲ್ಲಿ ಗಿರಿಶ್ರೇಣಿಗೆ ಹೋಗುವ ವಾಹನಗಳಿಗೂ ಮುಂಗಡ ನೋಂದಣಿ ಕಡ್ಡಾಯ ಮಾಡಿ, ದಿನವನ್ನು ಎರಡು ಪಾಳಿಗಳಾಗಿ ವಿಂಗಡಿಸಿ, ಪ್ರತಿ ಪಾಳಿಗೆ 600 ವಾಹನಗಳೆಂದು ನಿಗದಿಪಡಿಸಿತು. ಇವನ್ನು ಸ್ವಾಗತಿಸೋಣ. ಸ್ವಾಗತಿಸಿದ ಬಳಿಕ ಒಂದು ಪ್ರಶ್ನೆ ಕೇಳೋಣ: ಈ ಸಂಖ್ಯೆಗಳನ್ನು ನಿರ್ಧರಿಸಿದ್ದು ಯಾರು? ಶೋಲಾದ ನೀರೋ, ವಾಹನ ನಿಲ್ಲಿಸುವ ಜಾಗವೋ? ರಸ್ತೆಗೆ ಎಷ್ಟು ಕಾರು ಹಿಡಿಸುತ್ತದೆಂಬುದು ಸಂಚಾರದ ಲೆಕ್ಕ. ಬೆಟ್ಟಕ್ಕೆ ಎಷ್ಟು ಪಾದ ತಾಳಿಕೆಯಾಗುತ್ತದೆಂಬುದು ಬೇರೆಯೇ ಲೆಕ್ಕ. ಮೊದಲನೆಯದನ್ನು ಎರಡನೆಯದೆಂದು ನಂಬಿಸುವುದು ಮೋಸ.

ಊಟಕ್ಕೆ ಋತುವಿದೆ

ದ್ವೀಪದ ಹೆಸರು ಕಾಡಿನಿಂದ ಮಾತ್ರ ಬಂದುದಲ್ಲ, ಊಟದಿಂದಲೂ ಬಂದುದು. ಅಲ್ಲಿನ ವಿಶಿಷ್ಟ ಜೇನು ಲೆದರ್‌ವುಡ್ ಎಂಬ ಮರದ ಹೂವಿನದು. ಆ ಮರ ಯಥೇಚ್ಛ ಹೂ ಬಿಡುವುದು ಹಳೆಯ ಮಳೆಕಾಡಿನಲ್ಲಿ. ಕಾಡು ಕಡಿದರೆ ಜೇನಿಲ್ಲವೆಂಬುದು ಅಲ್ಲಿನ ಜೇನುಗಾರರಿಗೆ ವ್ಯವಹಾರದ ಪ್ರಶ್ನೆ. ನಮ್ಮ ತುಡುವೆ ಜೇನಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆಗಳು ಬರಿದಾದ ನೆನಪು ಹಿರಿಯರಿಗಿದೆ. ಕಾಡಿನ ಹೂವಿಲ್ಲದೆ ಆ ಕುಟುಂಬಗಳು ಮತ್ತೆ ತುಂಬಿಕೊಳ್ಳಲಾರವು.

ಮಲೆನಾಡಿನ ಅಡುಗೆ ಮನೆ ಒಂದು ಪಂಚಾಂಗವಿದ್ದಂತೆ. ಮುಂಗಾರಿನ ಮೊದಲ ಅಬ್ಬರಕ್ಕೆ ಹಳ್ಳ ಏರುವ ಹತ್ತುಮೀನು, ಆಷಾಢದಲ್ಲಿ ಮರದ ಪೊಟರೆಯಲ್ಲಿ ಚಿಗುರುವ ಮರಕೆಸುವಿನ ಪತ್ರೊಡೆ, ಗುಡುಗಿಗೆ ಏಳುವ ಅಣಬೆ, ಶ್ರಾವಣದ ಕಳಲೆ, ಬೇಸಿಗೆಯ ಅಪ್ಪೆಮಿಡಿ ಮತ್ತು ಹಲಸು. ಪ್ರತಿಯೊಂದಕ್ಕೂ ಒಂದು ಕಾಲ, ಒಂದು ಮಿತಿ. ಹತ್ತುಮೀನು ಹಳ್ಳ ಏರುವುದು ಮೊಟ್ಟೆಯಿಡಲೆಂದು. ಎಲ್ಲವನ್ನೂ ಹಿಡಿಯಬಾರದೆಂಬ ವಿವೇಕ ನಮ್ಮ ಹಿರಿಯರಿಗಿತ್ತು. ಬಿದಿರಿನ ಮೆಳೆಯಿಂದ ಎಲ್ಲ ಮೊಳಕೆ ಕೀಳಬಾರದೆಂಬ ಅರಿವಿತ್ತು. ಈಗ ಮಲೆನಾಡ ಸವಿಯೂಟವೆಂಬ ಫಲಕದ ಕೆಳಗೆ ಈ ಎಲ್ಲವೂ ಎಲ್ಲ ವಾರಾಂತ್ಯಗಳಲ್ಲೂ ಸಿಗಬೇಕು. ಸಿಗದಿದ್ದರೆ? ಕಾಡಿನಿಂದ ಕದ್ದ ಕಳಲೆಗೆ ಬೆಲೆ ಬರುತ್ತದೆ, ಉಳಿದಂತೆ ಪೇಟೆಯಿಂದ ತಂದ ಬಾಯ್ಲರ್ ಕೋಳಿಯೇ ನಾಟಿಕೋಳಿಯ ಹೆಸರು ಹೊತ್ತು ತಟ್ಟೆಗೆ ಬರುತ್ತದೆ. ಮೊದಲನೆಯದರಿಂದ ಕಾಡಿಗೆ ನಷ್ಟ, ಎರಡನೆಯದರಿಂದ ಅತಿಥಿಗೆ ನಷ್ಟ. ಕಡುಬನ್ನು ಬೇಯಿಸಲು ಬಿಸಿ ಸಾಕು. ಅದರ ಜೊತೆಗಿನ ಸಾರಿಗೆ ಕಾಡು ಬೇಕು.

ಇನ್ನು ವೈನು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನು ರೂಪಿಸಿ ಮಂಡಲಿಯನ್ನೂ ರಚಿಸಿತು. ಅದು ದ್ರಾಕ್ಷಿ ಬೆಳೆಯುವ ನಂದಿಯ ತಪ್ಪಲಿಗೂ ಕೃಷ್ಣೆಯ ಕಣಿವೆಗೂ ಸೇರಿದ ಮಾತು. ನಮ್ಮ ಮಳೆಯಲ್ಲಿ ದ್ರಾಕ್ಷಿ ಕೊಳೆಯುತ್ತದೆ. ಆದರೂ ದಾರಿಬದಿಯಲ್ಲಿ ಮನೆಯ ವೈನು ಎಂಬ ಚೀಟಿ ಅಂಟಿಸಿದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಪರವಾನಗಿಯಿಲ್ಲದೆ ಮಾರುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನು ಬಿಡೋಣ. ಸಕ್ಕರೆ, ಬಣ್ಣ, ಈಸ್ಟು ಸೇರಿಸಿದ್ದನ್ನು ಗಿರಿಯ ಸಂಪ್ರದಾಯವೆಂದು ಮಾರುವುದು ಗಿರಿಗೆ ಮಾಡುವ ಅವಮಾನ. ಈ ನೆಲದ ಪಾನೀಯ ಯಾವುದೆಂದು ಬಾಬಾಬುಡನ್ ಏಳು ಬೀಜ ತಂದ ಐತಿಹ್ಯವೇ ಹೇಳುತ್ತದೆ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಗೂ ಚಿಕ್ಕಮಗಳೂರು ಅರೇಬಿಕಾಗೂ ಭೌಗೋಳಿಕ ಮಾನ್ಯತೆ ದೊರೆಯಿತು. ದ್ವೀಪದವನು ತನ್ನ ತಂಪು ನೆಲದ ದ್ರಾಕ್ಷಾರಸವನ್ನು ಹೆಮ್ಮೆಯಿಂದ ಸುರಿಯುತ್ತಾನೆ. ನಾವು ನೆರಳಿನ ಮರಗಳಡಿ ಬೆಳೆದ ಕಾಫಿಯನ್ನು ಹೊರಗೆ ಕಳಿಸಿ, ಅತಿಥಿಗೆ ಪುಡಿಯ ಚೀಟಿ ಹರಿದು ಸುರಿಯುತ್ತೇವೆ.

ಮನೆಯಿಲ್ಲದ ಹೋಂಸ್ಟೇ

ಹೋಂಸ್ಟೇಗಳು ಏಕೆ ಹುಟ್ಟಿದವೆಂಬುದನ್ನು ಮರೆತು ಮಾತಾಡುವುದು ಅನ್ಯಾಯ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಕುಸಿಯಿತು. 2000ದ ಆಸುಪಾಸಿನಲ್ಲಿ ಬೆಲೆ ಪಾತಾಳ ಕಂಡಿತು. ಬಿಳಿ ಕಾಂಡಕೊರಕ ಅರೇಬಿಕಾವನ್ನು ತಿಂದಿತು. ಸಾಲದಲ್ಲಿ ಮುಳುಗಿದ ಸಣ್ಣ ಬೆಳೆಗಾರ ಮನೆಯ ಖಾಲಿ ಕೋಣೆಗೆ ಸುಣ್ಣ ಬಳಿದು ಅತಿಥಿಯನ್ನು ಕರೆದ. ಅಜ್ಜಿ ರೊಟ್ಟಿ ತಟ್ಟಿದಳು, ಅಜ್ಜ ತೋಟ ತೋರಿಸಿದ. ಅದರಲ್ಲಿ ಘನತೆಯಿತ್ತು. ಅಂಥ ಮನೆಗಳು ಇಂದಿಗೂ ಇವೆ. ನಮ್ಮ ತಕರಾರು ಅವರ ಮೇಲಲ್ಲ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಇಂಥ ವಸತಿಯೆಂದರೆ ಒಡೆಯರ ಕುಟುಂಬ ವಾಸವಿರುವ ಮನೆ, ಆರಕ್ಕೆ ಮೀರದ ಕೋಣೆಗಳು. ಈ ಅಳತೆಗೋಲನ್ನು ಹಿಡಿದು ಮೂಡಿಗೆರೆಯಿಂದ ಕಳಸದವರೆಗೆ ಒಮ್ಮೆ ಸುತ್ತಿ ಬನ್ನಿ. ಒಡೆಯನ ಮುಖವನ್ನೇ ಕಾಣದ ಹೋಂಸ್ಟೇಗಳು, ಇಪ್ಪತ್ತು ಕೋಣೆಯ ಹೋಂಸ್ಟೇಗಳು, ದರೆ ಕಡಿದು ಕಾಂಕ್ರೀಟಿನ ಕಂಬದ ಮೇಲೆ ನಿಲ್ಲಿಸಿದ ಹೋಂಸ್ಟೇಗಳು ಕಾಣಸಿಗುತ್ತವೆ. 2024-25ರಲ್ಲಿ ಕಾಫಿಗೆ ದಾಖಲೆಯ ಬೆಲೆ ಬಂತು. ಬಡತನದ ನೆಪ ಅಲ್ಲಿಗೆ ಮುಗಿಯಿತು, ಕಟ್ಟಡದ ಕೆಲಸ ಮುಗಿಯಲಿಲ್ಲ.

ನೀರಿನ ಲೆಕ್ಕವನ್ನು ನೋಡಿ. ಮಾರ್ಚ್-ಏಪ್ರಿಲಿನಲ್ಲಿ ಹೂಮಳೆ ಕೈಕೊಟ್ಟರೆ ಬೆಳೆಗಾರ ಹಳ್ಳದಿಂದ ನೀರೆತ್ತಿ ಗಿಡಕ್ಕೆ ಸಿಂಪಡಿಸಬೇಕು. ಅದೇ ತಿಂಗಳುಗಳಲ್ಲಿ ಬಯಲಿನ ಬಿಸಿಲಿಗೆ ಬೆಂದ ಅತಿಥಿಗಳು ಬರುತ್ತಾರೆ. ಅವರಿಗೆ ಈಜುಕೊಳ ತುಂಬಿರಬೇಕು. ಹಳ್ಳದ ಕೆಳಗಿನ ಕೂಲಿಲೈನಿನ ಹೆಂಗಸು ಕೊಡ ಹಿಡಿದು ಕಾಯುತ್ತಾಳೆ. ಮೂವರಲ್ಲಿ ಯಾರ ಸರದಿ ಮೊದಲು? ಈ ಪ್ರಶ್ನೆಯನ್ನು ಯಾವ ಪರವಾನಗಿ ಪತ್ರವೂ ಕೇಳುವುದಿಲ್ಲ.

ರಾತ್ರಿಯ ಲೆಕ್ಕವೂ ಇದೆ. ಇಲ್ಲಿನವರು ಫೈರ್‌ಕ್ಯಾಂಪ್ ಎಂದು ಕರೆಯುವ ಬೆಂಕಿ, ಅದರ ಸುತ್ತ ಧ್ವನಿವರ್ಧಕ. ಮೂಡಿಗೆರೆಯ ಹಳ್ಳಿಗಳಲ್ಲಿ ಆನೆ ಯಾವ ತೋಟದಲ್ಲಿದೆಯೆಂದು ಕಿವಿಗೊಟ್ಟು ಆಲಿಸಿಯೇ ಜನ ಮನೆಯಿಂದ ಹೊರಗೆ ಕಾಲಿಡುತ್ತಾರೆ. 2022ರ ನವೆಂಬರಿನಲ್ಲಿ ಕುಂದೂರಿನ ಬಳಿ ಆನೆಯ ದಾಳಿಗೆ ಹೆಣ್ಣುಮಗಳೊಬ್ಬಳು ಬಲಿಯಾದಾಗ ಭುಗಿಲೆದ್ದ ಆಕ್ರೋಶವನ್ನು ನಾಡೇ ಕಂಡಿತು. ಆನೆ ದಾರಿ ತಪ್ಪಲು ಕಾರಣಗಳು ಹಲವು. ಗದ್ದಲದಿಂದ ಬೆದರಿದ ಆನೆ ರೆಸಾರ್ಟಿನತ್ತ ಹೋಗುವುದಿಲ್ಲ, ಕತ್ತಲಿರುವ ಕೂಲಿಲೈನಿನತ್ತ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಆನಂದ ಒಬ್ಬರದು, ಅಪಾಯ ಇನ್ನೊಬ್ಬರದು.

ಇಳಿಜಾರಿಗೂ ನೆನಪಿದೆ. 2018ರಲ್ಲಿ ಕೊಡಗು ಕುಸಿಯಿತು. 2019ರ ಆಗಸ್ಟಿನಲ್ಲಿ ನಮ್ಮದೇ ಮಲೆಮನೆ, ಮಧುಗುಂಡಿಗಳಲ್ಲಿ ಮನೆ-ತೋಟಗಳು ಕೊಚ್ಚಿಹೋದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನೂರಾರು ಜೀವಗಳು ಮಣ್ಣಾದವು. ಮಳೆ ವಿಪರೀತವಾಗಿತ್ತೆಂಬುದು ನಿಜ. ಮಳೆಯನ್ನು ನಾವು ತಡೆಯಲಾರೆವು, ಜೆಸಿಬಿಯನ್ನು ತಡೆಯಬಲ್ಲೆವು.

ದ್ವೀಪದಿಂದ ಕಲಿಯಬಾರದ ಪಾಠ

ದ್ವೀಪವನ್ನು ಹೊಗಳಿದ್ದಾಯಿತು. ಅದರ ಇನ್ನೊಂದು ಮುಖವನ್ನು ಮರೆಮಾಚಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಮನುಷ್ಯನ ಕೈ ಸೋಕದ ಕಾಡು ಎಂದು ಇಂದು ಮಾರಾಟವಾಗುವ ಆ ನೆಲದಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಮೂಲನಿವಾಸಿಗಳು ಬದುಕಿದ್ದರು. 1820ರ ದಶಕದಿಂದ ವಸಾಹತುಗಾರರು ಅವರನ್ನು ಬೇಟೆಯಾಡಿ, ಅಳಿದುಳಿದವರನ್ನು ಹಿಡಿದು ಪಕ್ಕದ ಪುಟ್ಟ ದ್ವೀಪವೊಂದಕ್ಕೆ ಅಟ್ಟಿದರು. ಆ ಜನಾಂಗವೇ ಅಳಿಯಿತೆಂದು ಬಹುಕಾಲ ಶಾಲೆಗಳಲ್ಲಿ ಕಲಿಸಿದರು. ಅವರ ಸಂತತಿಯವರು ಇಂದಿಗೂ ತಾವಿದ್ದೇವೆಂದು ಹೇಳುತ್ತ ನೆಲದ ಹಕ್ಕನ್ನು ಕೇಳುತ್ತಿದ್ದಾರೆ. ಜನರನ್ನು ಖಾಲಿ ಮಾಡಿಸಿದ ಮೇಲೆ ನಿರ್ಜನವೆಂದು ಕೊಂಡಾಡುವುದು ಸುಲಭ.

ಕುದುರೆಮುಖದ ಮಡಿಲಲ್ಲಿರುವ ಮಲೆಕುಡಿಯರಿಗೂ ಗೌಡಲು ಸಮುದಾಯದವರಿಗೂ ಈ ಕಥೆ ಹೊಸದಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದಂದಿನಿಂದ ರಸ್ತೆಗೆ, ವಿದ್ಯುತ್ ಕಂಬಕ್ಕೆ, ಕಾಲುಸಂಕಕ್ಕೆ ಅವರು ಅನುಮತಿಗಾಗಿ ಅಲೆದಿದ್ದಾರೆ. ಕಾಡಿನ ಹೆಸರಿನಲ್ಲಿ ಅವರಿಗೆ ಹೊರಡಿ ಎನ್ನುವ ವ್ಯವಸ್ಥೆಯೇ ಅದೇ ಕಾಡಿನ ಹೆಸರಿನಲ್ಲಿ ಬೆಂಗಳೂರಿನವರಿಗೆ ಬನ್ನಿ ಎನ್ನುತ್ತದೆ. ಕಾಡು ಕಾಯ್ದವನು ಅತಿಕ್ರಮಣಕಾರ, ಕಾಡು ನೋಡಲು ಬಂದವನು ಅತಿಥಿ! ಇಂಥ ಸಂರಕ್ಷಣೆಯನ್ನು ನಮ್ಮ ಬಳಗ ಎಂದೂ ಬೆಂಬಲಿಸದು. ಗಣಿ ಬೇಡವೆಂದು ದನಿಯೆತ್ತಿದ ನಾವು ಕಾಡಿನ ಮಕ್ಕಳು ಬೇಡವೆಂದು ಎಂದೂ ಹೇಳಿಲ್ಲ.

ನಮ್ಮ ಹಕ್ಕೊತ್ತಾಯಗಳು

ಟೀಕೆಯಷ್ಟನ್ನೇ ಮಾಡಿ ಕೈತೊಳೆದುಕೊಳ್ಳುವುದು ಚಳವಳಿಯ ಲಕ್ಷಣವಲ್ಲ. ಆದುದರಿಂದ ಗ್ರಾಮಸಭೆಗಳಲ್ಲಿ ಮಂಡಿಸಲು ಈ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

1. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವಸತಿಗಳ ಕೋಣೆಗಳ ಸಂಖ್ಯೆ, ನೀರಿನ ಮೂಲ ಮತ್ತು ಹೊಲಸು ನೀರಿನ ವಿಲೇವಾರಿಯ ವಿವರವನ್ನು ಗೋಡೆಯ ಮೇಲೆ ಬರೆದು ಪ್ರಕಟಿಸಬೇಕು.

2. ಒಡೆಯರ ಕುಟುಂಬ ವಾಸವಿಲ್ಲದ ಕಟ್ಟಡಕ್ಕೆ ಹೋಂಸ್ಟೇ ಎಂಬ ಹೆಸರನ್ನು ನಿಷೇಧಿಸಬೇಕು. ವಾಣಿಜ್ಯ ಕಟ್ಟಡವು ವಾಣಿಜ್ಯ ಕಟ್ಟಡದ ಕಾನೂನಿಗೇ ಒಳಪಡಲಿ.

3. ದಿನದ ಮಿತಿಯನ್ನು ಬೇಸಿಗೆಯ ಒರತೆ ಮತ್ತು ಹುಲ್ಲುಗಾವಲಿನ ಸ್ಥಿತಿಯ ಆಧಾರದಲ್ಲಿ ನಿರ್ಧರಿಸಬೇಕು. ಆ ಆಧಾರವನ್ನು ಜನರ ಮುಂದಿಡಬೇಕು.

4. ಹುಲ್ಲುಗಾವಲಿನ ಮೇಲೆ ಯಾವ ವಾಹನವೂ ಹತ್ತಕೂಡದು. ಜೀಪು ಓಡಿಸಿ ಬದುಕುವ ಯುವಕರಿಗೆ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಮೊದಲ ಅವಕಾಶ ಸಿಗಬೇಕು.

5. ಮುಂಗಾರಿನ ತಿಂಗಳುಗಳಲ್ಲಿ ಕಡಿದಾದ ಪಥಗಳಿಗೆ ಪೂರ್ಣ ವಿಶ್ರಾಂತಿ ನೀಡಬೇಕು. ಕಡಿದಾದ ಇಳಿಜಾರಿನಲ್ಲಿಯೂ ಹಳ್ಳದ ಮೂಲದಲ್ಲಿಯೂ ದರೆ ಕಡಿಯಲು ಅನುಮತಿ ಕೊಡಕೂಡದು.

6. ಪ್ರವೇಶ ಶುಲ್ಕದ ನಿಶ್ಚಿತ ಪಾಲು ಆಯಾ ಗ್ರಾಮಸಭೆಗೆ ಸಲ್ಲಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಾಕಿಯಿರುವ ಹಕ್ಕುಗಳು ಇತ್ಯರ್ಥವಾಗುವ ಮೊದಲು ಉದ್ಯಾನದೊಳಗೆ ಹೊಸ ಪ್ರವಾಸಿ ಸೌಲಭ್ಯ ಬೇಡ.

ಕೆಲವರು ಕೇಳುತ್ತಾರೆ: ಇಷ್ಟೆಲ್ಲ ನಿಬಂಧನೆ ಹಾಕಿದರೆ ಯಾರು ಬರುತ್ತಾರೆ? ನಮ್ಮ ಬಂಧುಗಳು ಬೂಟು ತಿಕ್ಕಿಕೊಂಡು, ಶುಲ್ಕ ಕಟ್ಟಿ, ತಿಂಗಳುಗಟ್ಟಲೆ ಕಾದು, ಕಡಲು ದಾಟಿ ಹೋದರಲ್ಲ! ನಿಬಂಧನೆಯಿರುವ ಕಡೆಗೆ ಜನ ಗೌರವದಿಂದ ಹೋಗುತ್ತಾರೆ. ಸುಮಾರು 68,000 ಚದರ ಕಿಲೋಮೀಟರಿನ ಆ ದ್ವೀಪದಲ್ಲಿ ಆರು ಲಕ್ಷದಷ್ಟೂ ಜನರಿಲ್ಲ. ಸುಮಾರು 7,200 ಚದರ ಕಿಲೋಮೀಟರಿನ ನಮ್ಮ ಜಿಲ್ಲೆಯಲ್ಲಿ 2011ರ ಗಣತಿಯಂತೆ ಹನ್ನೊಂದು ಲಕ್ಷಕ್ಕೂ ಮಿಕ್ಕಿ ಜನರಿದ್ದೇವೆ. ಅಷ್ಟು ವಿಶಾಲವಾದ ನೆಲವೇ ಬಾಗಿಲಿಗೆ ಅಗುಳಿ ಹಾಕಿಕೊಂಡಿರುವಾಗ ಇಷ್ಟು ಇಕ್ಕಟ್ಟಿನ ನಾವು ಬಾಗಿಲನ್ನೇ ಕಿತ್ತಿಟ್ಟಿದ್ದೇವೆ.

ಬಂಧುಗಳು ದ್ವೀಪದಿಂದ ಮರಳಿದ ಮೇಲೆ ದೂರವಾಣಿಯಲ್ಲಿ ಮಾತಾಡಿದರು. ಬರುವ ಅಕ್ಟೋಬರಿನಲ್ಲಿ ಮತ್ತೆ ಗಿರಿಗೆ ಬರುವ ಮನಸ್ಸಿದೆಯಂತೆ. ಬನ್ನಿ ಎಂದೆ. ಬೂಟು ತಿಕ್ಕಿಕೊಂಡು ಬನ್ನಿ, ನಿಮ್ಮ ಬಾಟಲಿ ನಿಮ್ಮ ಕಾರಿನಲ್ಲೇ ಹಿಂದಿರುಗಲಿ, ಅಜ್ಜಿ ಏನು ಬೇಯಿಸಿರುತ್ತಾಳೋ ಅದನ್ನು ಉಣ್ಣಿ ಎಂದೆ. ಆ ಕಡೆಯಿಂದ ಒಂದು ಗಳಿಗೆ ಮಾತಿರಲಿಲ್ಲ. ಬಳಿಕ, ಹಾಗೆಂದು ಬರೆದ ಫಲಕ ಎಲ್ಲಿಯೂ ಇರಲಿಲ್ಲವಲ್ಲ ಎಂದರು.

ಅವರು ಹೇಳಿದ್ದು ಸರಿ. ಫಲಕ ಬರೆಯಬೇಕಾದವರು ನಾವು. ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ.